ಪುಲ್ಲಿ ಕೇಳಿದ ಬೆಲ್ಟು

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ಅವ್ವನೂ ನನ್ನಂತೆಯೇ ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ ಇಟ್ಟಿದ್ದರು. ಯಾರ ಮನೆಗೆ ಹೋದರೂ ಮಿಷನ್ನಿನ ಪುಲ್ಲಿಗೆ, ಅಂದರೆ ಅದನ್ನು ತಿರುಗಿಸುವ ಗಾಲಿಗೆ, ಹಾಕಿದ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಬೆಲ್ಟು ಪುಲ್ಲಿ ಕೇಳ್ದಂಗಿರ್ಬೇಕು, ಜೇಬು ಕೇಳ್ದಂಗಲ್ಲ" ಅನ್ನುವರು.

ನಾನೋ, ನನ್ನ ಮಿಷನ್ನಿನ ಬೆಲ್ಟು ಹರಿದಾಗ ಚಳ್ಳಕೆರೆಯಲ್ಲಿ ಅರ್ಧ ದಿನ ಚೌಕಾಸಿ ಮಾಡಿ, ತೆಳ್ಳನೆಯದರ ಬೆಲೆಗೇ ದಪ್ಪ ಬೆಲ್ಟನ್ನು ಗೆದ್ದು ತಂದೆ. ದಪ್ಪಗಿದ್ದರೆ ಬಾಳಿಕೆ ಜಾಸ್ತಿ ಎಂದು ಬೀದಿಗೆಲ್ಲ ಉಪದೇಶವನ್ನೂ ಮಾಡಿದೆ. ಹಾಕಿದರೆ ಅದು ಪುಲ್ಲಿಯ ಸಂದಿಗೆ ಇಳಿಯದೆ ಜಾರತೊಡಗಿತು. ಮದುವೆ ಸೀರೆಯ ಹುರಿ ಸಂಜೆಯೊಳಗೆ ಮಗ್ಗಕ್ಕೆ ಹೋಗಬೇಕಿತ್ತು.

ಅವ್ವ ಬಂದು ನೋಡಿದರು. "ಮುನಿಸ್ಕಂಡ ಬೀಗರಂಗೆ ಜಗಲಿ ಮ್ಯಾಲೇ ಕುಂತೈತಲ್ಲಪ್ಪ!" ಎಂದವರೇ ಹೋಗಿ, ಓಡುತ್ತಿದ್ದ ತಮ್ಮ ಮಿಷನ್ ನಿಲ್ಲಿಸಿ, ಅದರ ಬೆಲ್ಟನ್ನೇ ಬಿಚ್ಚಿ ತಂದುಕೊಟ್ಟರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಸ್ವಲ್ಪ ಸವೆದೈತಲ್ಲವ್ವ?" ಅಂದುಬಿಟ್ಟೆ.

"ಹೂಂ ಕಣಪ್ಪ, ಅದ್ಕೇ ಪುಕ್ಕಟೆ ಕೊಟ್ಟೀನಿ. ಇನ್ನೂ ಕಮ್ಮಿ ಮಾಡ್ಲಾ?"