ಮರಗೆಲಸದ ಕೋಣೆಯಲ್ಲಿ ವಸಂತಿ

ಹಸಿ ಮರ ಸೀಳುವಾಗ ಏಳುವ ವಾಸನೆ ಇದೆಯಲ್ಲ, ಸ್ವಲ್ಪ ಸಿಹಿ, ಸ್ವಲ್ಪ ಒಗರು, ಮೂಗಿನೊಳಗೆ ಹುಡಿಯಾಗಿ ಕೂರುವಂಥದ್ದು, ಅದು ಕಳೆದ ವಾರ ನನ್ನನ್ನು ಬೈಕಂಪಾಡಿಯ ರಸ್ತೆ ಬದಿಯಲ್ಲಿ ಹಿಡಿದು ನಿಲ್ಲಿಸಿತು. ಆಫೀಸಿನ ಕೆಲಸ ಮುಗಿಸಿ ಬಸ್‌ಸ್ಟಾಪಿಗೆ ನಡೆಯುತ್ತಿದ್ದೆ. ಗೋದಾಮುಗಳ ನಡುವೆ ಒಂದು ಮರದ ಮಿಲ್ಲು, ಅದರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾವುದೋ ದಿಮ್ಮಿಯನ್ನು ಕೊಯ್ಯುತ್ತಿದ್ದರು. ನಾನು ನಿಂತದ್ದನ್ನು ಕಂಡು ಗೇಟಿನಲ್ಲಿದ್ದವರು, "ಎಂತ ಬೇಕಿತ್ತು ಅಕ್ಕ?" ಎಂದು ಕೇಳಿದರು. ಏನು ಹೇಳಲಿ? ನನಗೆ ಬೇಕಿದ್ದದ್ದು ಜೆಪ್ಪುವಿನ ಒಂದು ಸರಕಾರಿ ಹೈಸ್ಕೂಲಿನ ಹಿಂಭಾಗದಲ್ಲಿದ್ದ ಉದ್ದನೆಯ ಕೋಣೆ. ಅದರೊಳಗೆ ಎರಡು ಜಡೆ ಹಾಕಿಕೊಂಡು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೇಲೆ ಬಾಗಿ ನಿಂತಿದ್ದ ನನ್ನ ಅಕ್ಕ ವಸಂತಿ.

ನಾವಿದ್ದದ್ದು ಆ ಶಾಲೆಯ ಕಂಪೌಂಡಿಗೆ ಒತ್ತಿಕೊಂಡ ಹಂಚಿನ ಬಾಡಿಗೆ ಮನೆಯಲ್ಲಿ. ಅಪ್ಪ ಬಹರೇನಿನಲ್ಲಿ. ಮನೆಯಲ್ಲಿ ಅಮ್ಮ, ಅಕ್ಕ, ನಾನು. ಅಮ್ಮ ಜಗಲಿಯಲ್ಲಿ ಕುಳಿತು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಶಾಲೆಯ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಮ್ಮ ಗಂಜಿಗೆ ಅಕ್ಕಿ ಹಾಕುತ್ತಿದ್ದದ್ದೂ ಇಳಿಸುತ್ತಿದ್ದದ್ದೂ ಆ ಗಂಟೆಯನ್ನು ನಂಬಿಯೇ. ಸರಕಾರಿ ಶಾಲೆ ಎಂದರೆ ಸೋರುವ ಮಾಡು, ಮುರಿದ ಬೆಂಚು ಎಂದು ಈಗಿನವರು ತಿಳಿದುಕೊಂಡಿದ್ದಾರೆ. ನನಗೆ ಸಿಟ್ಟು ಬರುತ್ತದೆ. ನಮ್ಮ ಶಾಲೆಯಲ್ಲಿ ವಿಜ್ಞಾನದ ಪ್ರಯೋಗಶಾಲೆ ಇತ್ತು, ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ತೋರಿಸಲಿಕ್ಕಲ್ಲ, ನಾವೇ ಬರ್ನರ್ ಹಚ್ಚಿ ಬೆರಳು ಸುಟ್ಟುಕೊಳ್ಳಲಿಕ್ಕೆ. ಕಿಟಕಿಯ ಕಟ್ಟೆಯ ಮೇಲೆ ಕುಳಿತು ಓದಬಹುದಾದ ಲೈಬ್ರೆರಿ ಇತ್ತು. ಸಂಜೆ ಊರಿನವರೂ ಬಂದು ವಾಲಿಬಾಲ್ ಆಡುವ ಮೈದಾನ ಇತ್ತು. ಇವೆಲ್ಲದರ ಮೇಲೆ, ಎಂಟನೆಯ ತರಗತಿಗೆ ಬಂದವರು ಕೈಕೆಲಸದಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು: ಹೊಲಿಗೆ, ತೋಟಗಾರಿಕೆ, ಮರಗೆಲಸ. ಹತ್ತನೆಯ ತನಕ ಪೂರ್ತಿ ಕಲಿತವರಿಗೆ ಸರ್ಟಿಫಿಕೇಟು ಸಿಗುತ್ತಿತ್ತು.

ಅಕ್ಕ ಮರಗೆಲಸ ಎಂದಳು. ತರಗತಿ ನಕ್ಕಿತಂತೆ. ಹೆಡ್ಮಾಸ್ಟ್ರು ನಗಲಿಲ್ಲ, ಅವಳ ಹೆಸರನ್ನು ಹೊಲಿಗೆಗೆ ಬರೆದರು. ಮನೆಗೆ ಬಂದು ಅವಳು ಊಟ ಮುಟ್ಟದೆ ಕುಳಿತಾಗ ಅಮ್ಮ ಮೊರವನ್ನು ಬದಿಗಿಟ್ಟು, ಮಡಿಲಿನ ಹೊಗೆಸೊಪ್ಪಿನ ಹುಡಿ ಕೊಡವಿ, ಸೀರೆಯನ್ನೂ ಬದಲಿಸದೆ ಕಂಪೌಂಡಿನ ಸಣ್ಣ ಗೇಟಿನಿಂದ ಶಾಲೆಗೆ ಹೋದರು. ನಾನು ಹಿಂದೆಯೇ ಓಡಿದೆ. ಅಮ್ಮನಿಗೆ ತುಳು ಬರುವಷ್ಟು ಸಲೀಸಾಗಿ ಕನ್ನಡ ಬರುತ್ತಿರಲಿಲ್ಲ. ಆದರೂ ಹೆಡ್ಮಾಸ್ಟ್ರ ಮೇಜಿನ ಎದುರು ನಿಂತು ಕೇಳಿದರು:

"ನನ್ನ ಮಗಳಿಗೆ ಮರಗೆಲಸ ಯಾಕೆ ಇಲ್ಲ ಸರ್?"

"ಹೆಣ್ಣುಮಕ್ಕಳಿಗೆ ಹೊಲಿಗೆ ಉಂಟಲ್ಲಮ್ಮ. ಉಳಿ, ಗರಗಸ ಎಲ್ಲ ಅವರಿಗೆ ಯಾಕೆ? ಕೈಗೆ ತಾಗ್ತದೆ."

"ಹೊಲಿಗೆಯ ಸೂಜಿ ತಾಗುವುದಿಲ್ವಾ ಸರ್? ಮೀನು ಕೊಯ್ಯುವ ಕತ್ತಿ ಅವಳು ಆರು ವರ್ಷದಿಂದ ಹಿಡೀತಾಳೆ. ಅದಕ್ಕೆ ಯಾರೂ ಬೇಡ ಹೇಳ್ಲಿಲ್ಲ."

ಹೊರಗಿನಿಂದ ಇದನ್ನು ಕೇಳುತ್ತಿದ್ದ ಮರಗೆಲಸದ ಮಾಸ್ಟ್ರು ಒಳಗೆ ಬಂದರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲು. "ನನಗೆ ತೊಂದರೆ ಇಲ್ಲ ಸರ್, ಕಳಿಸಿ," ಎಂದರು. ಅಷ್ಟೇ. ಮರುದಿನ ಅಕ್ಕ ಹುಡುಗರ ನಡುವೆ ನಿಂತಿದ್ದಳು.

ಆ ಕೋಣೆಯನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಗೋಡೆಯುದ್ದಕ್ಕೂ ತೂಗು ಹಾಕಿದ ಗರಗಸಗಳು, ಎಣ್ಣೆ ಹಚ್ಚಿದ ಉಳಿಗಳು, ನಡುವೆ ಹೆಬ್ಬಲಸಿನ ಭಾರವಾದ ಮೇಜುಗಳು. ಕೀಸುಳಿ ತಳ್ಳಿದಾಗ ಮರದ ತೆಳ್ಳನೆಯ ಸುರುಳಿಗಳು ಎದ್ದು ನೆಲಕ್ಕೆ ಬೀಳುತ್ತಿದ್ದವು. ಅವನ್ನು ಆರಿಸಿ ಕಿವಿಗೆ ಲೋಲಾಕಿನಂತೆ ಸಿಕ್ಕಿಸಿಕೊಳ್ಳುವುದು ನನ್ನ ಕೆಲಸ. ಅಕ್ಕ ಮೊದಲು ಮಾಡಿದ್ದು ಅಮ್ಮನಿಗೊಂದು ಮಣೆ. ಅದು ಒಂದು ಬದಿಗೆ ವಾಲುತ್ತಿತ್ತು. ಅಮ್ಮ ಅದರ ಮೇಲೆಯೇ ಕುಳಿತು ಬೀಡಿ ಕಟ್ಟಿದರು, ವಾಲುವುದನ್ನು ಯಾರಿಗೂ ಹೇಳಲಿಲ್ಲ. ಒಂಬತ್ತನೆಯ ತರಗತಿ ಮುಗಿಯುವಷ್ಟರಲ್ಲಿ ಪ್ರಯೋಗಶಾಲೆಯ ಬಾಟಲಿಗಳಿಗೆ ಅವಳು ಮಾಡಿದ ಶೆಲ್ಫು ಗೋಡೆಗೇರಿತ್ತು. ಮಾತು ಕಡಿಮೆಯ ಹುಡುಗಿ ಆ ಕೋಣೆಯಲ್ಲಿ ಹಾಡು ಗುನುಗುತ್ತಿದ್ದಳು. ಮುಂದೆ ಐಟಿಐ ಸೇರುತ್ತೇನೆ, ಸ್ವಂತ ಅಂಗಡಿ ಇಡುತ್ತೇನೆ, ಬೋರ್ಡಿನಲ್ಲಿ ನನ್ನದೇ ಹೆಸರು ಎನ್ನುತ್ತಿದ್ದಳು. ಯಾವ ಬಣ್ಣದ ಬೋರ್ಡು ಎಂದು ನಾವಿಬ್ಬರೂ ಮಲಗುವ ಮೊದಲು ಜಗಳವಾಡುತ್ತಿದ್ದೆವು.

ಅವಳು ಹತ್ತನೆಯ ತರಗತಿಗೆ ಕಾಲಿಟ್ಟ ಜೂನ್‌ನಲ್ಲಿ ಮಾಸ್ಟ್ರು ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಶಾಲೆ ಶುರುವಾದ ದಿನ ಅಕ್ಕ ಹಿಂಭಾಗಕ್ಕೆ ಓಡಿದರೆ, ಮೇಜುಗಳೆಲ್ಲ ಅಂಗಳದಲ್ಲಿ ಒಂದರ ಮೇಲೊಂದು ಬಿದ್ದು ಜಡಿಮಳೆಗೆ ನೆನೆಯುತ್ತಿದ್ದವು. ಕೋಣೆಗೆ ಸುಣ್ಣ ಬಳಿಯುತ್ತಿದ್ದರು. ಅಕ್ಕ ಹುಡುಗರನ್ನು ಕೂಗಿ ಕರೆದಳು. ಎಲ್ಲ ಸೇರಿ ಮೇಜುಗಳನ್ನು ಎಳೆದು ಜಗಲಿಗೆ ಹಾಕಿದರು. ಹೆಡ್ಮಾಸ್ಟ್ರು ಕೊಡೆ ಹಿಡಿದು ಬಂದರು.

"ಎಂತ ಇದು? ಯಾರು ಹೇಳಿದ್ದು ಇದನ್ನೆಲ್ಲ ಇಲ್ಲಿ ತಂದು ಹಾಕ್ಲಿಕ್ಕೆ?"

"ಮಳೆಗೆ ಹಾಳಾಗ್ತದೆ ಸರ್. ನಮಗೆ ಇನ್ನೊಂದು ವರ್ಷ ಉಂಟು."

"ಇನ್ನು ಮರಗೆಲಸ ಇಲ್ಲ. ಈ ಕೋಣೆಗೆ ಕಂಪ್ಯೂಟರ್ ಬರ್ತದೆ. ಕಾಲ ಬದಲಾಯ್ತು ಮಾರಾಯ್ತಿ."

"ಕಂಪ್ಯೂಟರ್ ಯಾರು ಕಲಿಸ್ತಾರೆ ಸರ್?"

"ಟೀಚರ್ ಬರ್ತಾರೆ."

ಕಂಪ್ಯೂಟರ್ ಬಂತು, ರಟ್ಟಿನ ಪೆಟ್ಟಿಗೆಗಳಲ್ಲಿ. ಟೀಚರ್ ಬರಲಿಲ್ಲ. ನಾನು ಆ ಶಾಲೆ ಬಿಡುವ ತನಕವೂ ಬರಲಿಲ್ಲ. ಸುಣ್ಣ ಬಳಿದ ಕೋಣೆಗೆ ಬೀಗ ಹಾಕಿ, ತಪಾಸಣೆಗೆ ಸಾಹೇಬರು ಬಂದಾಗ ಮಾತ್ರ ತೆರೆದು ಪೆಟ್ಟಿಗೆಗಳನ್ನು ತೋರಿಸುತ್ತಿದ್ದರು. ಕಂಪ್ಯೂಟರ್ ಬೇಡವೆಂದು ನಾವು ಯಾರೂ ಹೇಳಿರಲಿಲ್ಲ. ಅದಕ್ಕೆ ಇನ್ನೊಂದು ಕೋಣೆ ಕಟ್ಟಿಸಬಹುದಿತ್ತು. ಪಾಲಕರ ಸಭೆಯಲ್ಲಿ ಅಮ್ಮ ಎದ್ದು ಇದನ್ನೇ ಕೇಳಿದರು. ಶಾಲಾ ಸಮಿತಿಯ ಅಧ್ಯಕ್ಷರು, ಪೇಟೆಯಲ್ಲಿ ಹೋಟೆಲು ಇಟ್ಟಿದ್ದ ದೊಡ್ಡ ಮನೆತನದವರು, ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುತ್ತಿದ್ದವರು, ನಯವಾಗಿ ನಕ್ಕು, "ಮೇಲಿನ ಆರ್ಡರ್ ಅಮ್ಮ, ನಮ್ಮ ಕೈಯಲ್ಲಿ ಎಂತ ಉಂಟು?" ಎಂದರು. ಸ್ವಲ್ಪ ದಿನದಲ್ಲಿ ಜಗಲಿಯ ಮೇಜುಗಳೂ ಕಾಣದಾದವು.

ಸರ್ಟಿಫಿಕೇಟು ಇಲ್ಲದೆ ಅಕ್ಕ ಐಟಿಐಗೆ ಹೋಗಿ ಕೇಳಿದಳು. ಅರ್ಧ ಕಲಿತದ್ದು ಲೆಕ್ಕಕ್ಕಿಲ್ಲ ಎಂದರು. ಹುಡುಗಿಗೆ ಆ ಟ್ರೇಡು ಯಾಕೆ ಎಂದೂ ಕೇಳಿದರು. ಆ ವರ್ಷವೇ ಬಹರೇನಿನಲ್ಲಿ ಅಪ್ಪನ ಕೆಲಸ ಹೋಗಿತ್ತು. ಅಕ್ಕ ಗೇರುಬೀಜದ ಕಾರ್ಖಾನೆಗೆ ಸೇರಿದಳು. ಸಿಪ್ಪೆಯ ಎಣ್ಣೆಗೆ ಅವಳ ಬೆರಳುಗಳು ಕಪ್ಪಾಗಿ, ಚರ್ಮ ಸುಲಿದು, ಮತ್ತೆ ಕಪ್ಪಾಗುತ್ತಿದ್ದವು. ಆ ದುಡಿಮೆಯಲ್ಲಿ ನಾನು ಕಾಲೇಜು ಓದಿದೆ.

ನನಗೆ ಮೊದಲ ಸಂಬಳ ಬಂದಾಗ ಅಕ್ಕನನ್ನು ಮೀನಿನ ಊಟಕ್ಕೆ ಕರೆದುಕೊಂಡು ಹೋದೆ. ಹೊಸದಾಗಿ ಚಂದ ಮಾಡಿದ್ದ ಹೋಟೆಲು, ಗೋಡೆಯ ಮೇಲೆ ಹಳೆಯ ಕಾಲದ ದೀಪಗಳು, ದಪ್ಪ ಮರದ ಮೇಜುಗಳು. ಬಂಗುಡೆ ಪುಳಿಮುಂಚಿ ಬಂತು. ಅಕ್ಕ ಅನ್ನಕ್ಕೆ ಕೈ ಹಾಕಲಿಲ್ಲ. ಮೇಜಿನ ಅಂಚನ್ನು ಸವರುತ್ತಿದ್ದಳು. ಮರವನ್ನು ಬಿಗಿಹಿಡಿಯುವ ಹಿಡಿಕೆ ಕೂರಿಸಿದ್ದ ತೂತುಗಳನ್ನು ಬೇರೆ ಮರ ತುಂಬಿ ಮುಚ್ಚಿದ್ದರು. ಅವಳು ಬಗ್ಗಿ ಮೇಜಿನ ಅಡಿಗೆ ಕೈಯಾಡಿಸಿದಳು. ಆಮೇಲೆ ನನ್ನ ಕೈ ಹಿಡಿದು ಅಲ್ಲಿಗೇ ಎಳೆದಳು. ಉಳಿಯಲ್ಲಿ ಕೆತ್ತಿದ ಒಂದು 'ವ' ನನ್ನ ಬೆರಳಿಗೆ ಸಿಕ್ಕಿತು.

ಗಲ್ಲಾದಲ್ಲಿ ಕುಳಿತಿದ್ದವರು ಅದೇ ಅಧ್ಯಕ್ಷರು, ತಲೆ ನರೆತಿತ್ತು. ಅಕ್ಕ ನೇರ ಅವರ ಎದುರು ಹೋಗಿ ನಿಂತಳು.

"ಈ ಮೇಜುಗಳು ನಮ್ಮ ಶಾಲೆಯದ್ದು."

"ಹರಾಜಿನಲ್ಲಿ ತೆಗೊಂಡದ್ದು ಮಾರಾಯ್ತಿ. ರಶೀದಿ ಉಂಟು."

"ಆವತ್ತು ನಿಮ್ಮ ಕೈಯಲ್ಲಿ ಎಂತ ಇಲ್ಲ ಹೇಳಿದ್ರಲ್ಲ, ನಮ್ಮಮ್ಮನ ಹತ್ರ?" ಅವಳ ಸ್ವರ ಏರಿತು. "ನಾನು ಕಲೀಬೇಕಿದ್ದ ಮೇಜು ಇದು. ಇದರ ಮೇಲೆ ನೀವು ಮೀನು ಬಡಿಸ್ತೀರಿ!"

ಊಟ ಮಾಡುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಅಧ್ಯಕ್ಷರು ಸಪ್ಲಾಯರನ್ನು ಕರೆದು, "ಇವರನ್ನು ಹೊರಗೆ ಕಳಿಸು, ಊಟದ ದುಡ್ಡು ಬೇಡ," ಎಂದರು. ಅಕ್ಕ ನನ್ನ ಕೈಯಿಂದ ಪರ್ಸು ಕಸಿದು, ದುಡ್ಡನ್ನು ಗಲ್ಲಾದ ಮೇಲಿಟ್ಟು ಹೊರಗೆ ನಡೆದಳು. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಶಾಲೆ ಕೈ ಬಿಟ್ಟಾಗಲೂ, ಕೈ ಸುಲಿದಾಗಲೂ ಅಳದವಳು ಅವಳು.

ಆಮೇಲೆ ಅವಳಿಗೆ ಮದುವೆಯಾಯಿತು, ನಂತೂರಿನ ಹತ್ತಿರ ಮನೆ ಮಾಡಿದಳು, ಕಾರ್ಖಾನೆಯ ಕೆಲಸ ಬಿಡಲಿಲ್ಲ. ಎರಡು ಮಳೆಗಾಲದ ಹಿಂದೆ ಜ್ವರ ಹತ್ತಿ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೈಯೆಲ್ಲ ಹಳದಿಯಾಗಿ, ತೀರಿಕೊಂಡಳು. ಜೆಪ್ಪುವಿನ ನಮ್ಮ ಹಂಚಿನ ಮನೆಯ ಜಾಗದಲ್ಲಿ ಈಗ ಫ್ಲ್ಯಾಟ್ ಎದ್ದಿದೆ. ಅಮ್ಮ ನನ್ನೊಂದಿಗಿದ್ದಾರೆ. ನಿಮ್ಮ ಊರಿನಲ್ಲೂ ಇಂಥದ್ದೊಂದು ಶಾಲೆ ಇದ್ದಿರಬಹುದು, ಇಂಥದ್ದೊಂದು ಕೋಣೆ, ಅದನ್ನು ನಂಬಿದ್ದ ಒಬ್ಬಳು ವಸಂತಿ. ಮಕ್ಕಳು ಬರುವುದಿಲ್ಲ, ಅದಕ್ಕೇ ಶಾಲೆ ಮುಚ್ಚಬೇಕಾಗುತ್ತದೆ ಎಂದು ನಿಮಗೂ ಯಾರೋ ಹೇಳಿರುತ್ತಾರೆ. ಮಕ್ಕಳು ಬರುತ್ತಿದ್ದರು. ಬರಲಿಕ್ಕೆ ಇದ್ದ ಕಾರಣಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿ, ಆಮೇಲೆ ಮಕ್ಕಳನ್ನು ದೂರಿದರು.

ಈ ವರ್ಷ ನಮ್ಮ ಶಾಲೆಯನ್ನು ಇನ್ನೊಂದರ ಜೊತೆ ಸೇರಿಸಿ ಬಾಗಿಲು ಹಾಕಿದರು. ಸುದ್ದಿ ತಿಳಿದ ಸಂಜೆ ಅಮ್ಮ ಬಾಲ್ಕನಿಯಲ್ಲಿ ಕುಳಿತು ಬಸಳೆಯ ಎಲೆ ಬಿಡಿಸುತ್ತಿದ್ದರು. ಅಮ್ಮನಿಗೆ ಮರೆವಿನ ಕಾಯಿಲೆ ಏನೂ ಇಲ್ಲ. ಅಕ್ಕನ ಉತ್ತರಕ್ರಿಯೆಯ ದಿನ ಎಲ್ಲವನ್ನೂ ನಿಂತು ನೋಡಿಕೊಂಡವರು ಅವರೇ. ನಾನು ಹತ್ತಿರ ಕುಳಿತು ವಿಷಯ ಹೇಳಿದೆ. ಅಮ್ಮ ಬಿಡಿಸಿದ ಎಲೆಗಳನ್ನು ತಟ್ಟೆಯಲ್ಲಿ ಒಟ್ಟುಗೂಡಿಸಿದರು.

"ವಸಂತಿಗೆ ಹೇಳ್ಬೇಡ," ಎಂದರು. "ಅವಳಿಗೆ ಸಿಟ್ಟು ಬರ್ತದೆ."

"ಇಲ್ಲ ಅಮ್ಮ," ಎಂದೆ. "ಹೇಳುವುದಿಲ್ಲ."