ಕಾಪುವಿನಲ್ಲಿ ಕೈ ಹಿಡಿದ ತಾಯಿ

ಕಾಪು ಕಡಲತೀರದ ರಸ್ತೆಯಲ್ಲಿ ಓಡುತ್ತಿದ್ದಾಗ ಇದ್ದಕ್ಕಿದ್ದಂತೆ ನನ್ನ ಎದೆಬಡಿತ ಲಯ ತಪ್ಪಿತು. ಕಣ್ಣು ಕತ್ತಲೆ ಬಂದು ರಸ್ತೆಬದಿ ಕುಸಿದು ಕೂತೆ. ಹೃದಯದ ಈ ಕಾಯಿಲೆ ಇಟ್ಟುಕೊಂಡೇ ವರ್ಷಗಳಿಂದ ಮೈಲುಗಟ್ಟಲೆ ಓಡುತ್ತಿದ್ದವನು ನಾನು. ಮೀನಿನ ಬುಟ್ಟಿ ಇಳಿಸಿ ಹತ್ತಿರ ಬಂದ ಹೆಂಗಸಿಗೆ, “ಸ್ವಲ್ಪ ಕೂತರೆ ಸರಿಯಾಗ್ತದೆ ಅಕ್ಕ” ಎಂದೆ.

ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. “ನನ್ನ ಮಗನೂ ಹೀಗೇ ಹೇಳಿದ್ದು ಮಾರಾಯ. ನಾನು ನಂಬಿ ನೀರು ತರ್ಲಿಕ್ಕೆ ಹೋದೆ. ಬರುವಾಗ ಅವನ ಜೀವ ಇರ್ಲಿಲ್ಲ” ಎಂದವರೇ ರಿಕ್ಷಾ ನಿಲ್ಲಿಸಿ, ಆಸ್ಪತ್ರೆಯವರೆಗೂ ಜೊತೆಗೆ ಬಂದರು.

ಇನ್ನು ಓಡುವಂತಿಲ್ಲ ಎಂದಿದ್ದಾರೆ ಡಾಕ್ಟರು. ಚೇತರಿಸಿಕೊಂಡು ನೋಡಲು ಹೋದಾಗ ಆ ತಾಯಿ ನನ್ನ ಮುಖ ಸವರಿ ಬಿಕ್ಕಿಬಿಕ್ಕಿ ಅತ್ತರು. ಬದುಕಿ ಬಂದ ನಾನು ಅವರೆದುರು ತಲೆ ಎತ್ತಲಾರದೆ ನಿಂತಿದ್ದೆ.