ತಪ್ಪು ಎನ್ನಬಾರದ ಕೊಟ್ಟಿಗೆ

ಸಿಡುಕಮ್ಮ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ತೋಟಕ್ಕೆ ಬಂದ ಮೊದಲ ತಂಡದ ಮಕ್ಕಳು ಇಟ್ಟಿದ್ದು. ಎದುರಿಗೆ ಆಂಟಿ, ಬೆನ್ನ ಹಿಂದೆ ಸಿಡುಕಮ್ಮ. ಕಿವಿಗೆ ಬಿದ್ದಾಗ ಅವಳಿಗೆ ಬೇಜಾರಾಗಲಿಲ್ಲ. ಈ ತೋಟದಲ್ಲಿ ಯಾರಾದರೂ ಒಂದು ವಿಷಯವನ್ನಾದರೂ ಇದ್ದದ್ದು ಇದ್ದಂತೆ ಹೇಳಿದರಲ್ಲ ಅಂದುಕೊಂಡಳು.

ಗಂಡ ಹೋದ ಮೇಲೆ ಜಮೀನಿನ ಯಜಮಾನಿಕೆ ಮೈದುನನ ಕೈಗೆ ಹೋಯಿತು, ಹಸುಗಳ ಕೊಟ್ಟಿಗೆ ಇವಳಿಗೆ ಉಳಿಯಿತು. ಮೈದುನ ಕೆಲಸಕ್ಕೆ ಹಿಂದೆ, ಮಾತಿಗೆ ಮುಂದೆ. ಹಳೇ ಉಗ್ರಾಣಕ್ಕೆ ಬಣ್ಣ ಹೊಡೆಸಿ, ಮಂಚಗಳನ್ನು ಸಾಲಾಗಿ ಹಾಕಿಸಿ, ಗೇಟಿಗೆ ‘ಆತ್ಮವಿಶ್ವಾಸ ಶಿಬಿರ’ ಅಂತ ಬೋರ್ಡು ತೂಗುಹಾಕಿದ. ನಾಲ್ಕು ಜನರೆದುರು ಬಾಯಿ ಬಿಡಲಾರದವರು, ಪರೀಕ್ಷೆ ಅಂದರೆ ಕೈ ನಡುಗುವವರು, ರೂಮಿನ ಬಾಗಿಲು ತೆಗೆಯದವರು, ಎಲ್ಲ ಹದಿಹರೆಯದ ಮಕ್ಕಳೂ ಇಲ್ಲಿ ಬಂದು ಉಳಿಯಬೇಕು. ಮಣ್ಣು ಅಗೆಯಬೇಕು, ಹಸು ಕರೆಯಬೇಕು, ಕೆಲವೇ ವಾರಗಳಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಹೋಗಬೇಕು.

“ಧೈರ್ಯ ಏನು ಕ್ಯಾನಲ್ಲಿ ತುಂಬಿ ಕಳಿಸೋ ಹಾಲೇನಪ್ಪಾ?” ಅಂತ ಸಿಡುಕಮ್ಮ ಕೇಳಿದ್ದಳು. ಮೈದುನ ಹಲ್ಲು ಕಿರಿದು ಹೋದ.

ಮಕ್ಕಳ ಜೊತೆ ಒಬ್ಬ ಕೋಚ್ ಬಂದ. ಕೊಟ್ಟಿಗೆಗೂ ಬಿಳಿ ಬೂಟು ಹಾಕಿಕೊಂಡು ಬರುವ ಮಹಾನುಭಾವ. ಅವನದು ಒಂದೇ ಕಾನೂನು, ಯಾರಿಗೂ ತಪ್ಪು ಅನ್ನಬಾರದು. ಸಸಿಯನ್ನು ಓರೆಯಾಗಿ ನೆಟ್ಟರೂ ಚಪ್ಪಾಳೆ. ಕಳೆಯ ಜೊತೆ ಬೆಳೆಯನ್ನೂ ಕಿತ್ತರೆ ಇನ್ನೂ ಜೋರು ಚಪ್ಪಾಳೆ. ಮಕ್ಕಳು ತಿಂಡಿಗೆ ಹೋಗುವುದೇ ತಡ, ಆಳುಗಳು ಓಡಿಬಂದು ಸಸಿ ಕಿತ್ತು ಮತ್ತೆ ನೆಡುತ್ತಿದ್ದರು. ತೋಟದಲ್ಲಿ ಎಲ್ಲ ಕೆಲಸವೂ ಎರಡೆರಡು ಸಲ ನಡೆಯಿತು. ಒಂದು ಸಲ ಮಕ್ಕಳ ಸಂತೋಷಕ್ಕೆ, ಇನ್ನೊಂದು ಸಲ ಕೆಲಸ ಆಗಬೇಕಲ್ಲ ಅಂತ.

ಶುರುವಿನಲ್ಲಿ ಸಿಡುಕಮ್ಮ ಒಬ್ಬ ಹುಡುಗನಿಗೆ, “ಅದು ಕಾಲಿಂಗ್ ಬೆಲ್ ಅಲ್ಲ, ಹಸುವಿನ ಮೊಲೆ. ಮೆತ್ತಗೆ ಹಿಡಿ” ಅಂದುಬಿಟ್ಟಳು. ಅವನು ಮನೆಗೆ ಫೋನ್ ಮಾಡಿ ಗೊಳೋ ಅಂದ. ಮೈದುನ ಕೊಟ್ಟಿಗೆ ಬಾಗಿಲಲ್ಲೇ ನಿಂತು ಹೇಳಿದ.

“ಅತ್ತಿಗೆ, ಇದೇ ಕೊನೆ. ಇನ್ನೊಂದು ಮಗು ನಿಮ್ಮಿಂದ ಅತ್ತರೆ ಕೊಟ್ಟಿಗೆ ಬೇರೆಯವರಿಗೆ ವಹಿಸ್ತೀನಿ. ನೀವು ಹಾಸಿಗೆ ಬಟ್ಟೆ ಒಗೆಯೋ ಕಡೆ ಹೋಗಿ.”

ಸಿಡುಕಮ್ಮನಿಗೆ ಮೈಯೆಲ್ಲ ಉರಿಯಿತು. ಆದರೆ ಆ ಮನೆಯಲ್ಲಿ ಅವಳದು ಅಂತ ಉಳಿದಿದ್ದು ಕೊಟ್ಟಿಗೆ ಒಂದೇ. ಅವಳ ದನಿ ಕೇಳಿದರೆ ಹಸುಗಳು ತಲೆ ಎತ್ತುತ್ತಿದ್ದವು. ಮನೆಯೊಳಗೆ ಅವಳು ಬಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಳು. ಮಕ್ಕಳು ಅರ್ಧಂಬರ್ಧ ಕರೆದು ಎದ್ದರೆ ಅವಳೂ ಕೈ ತಟ್ಟಿದಳು. ಅವರು ಹೋದ ಮೇಲೆ ಅದೇ ಹಸುವಿನ ಕೆಳಗೆ ಕೂತು ಉಳಿದ ಹಾಲು ಕರೆದಳು. ಕೆಚ್ಚಲಲ್ಲಿ ಹಾಲು ಉಳಿದರೆ ಬಾವು ಬರುತ್ತದೆ, ಹಸು ನರಳುತ್ತದೆ. ಅದಕ್ಕೆ ಚಪ್ಪಾಳೆ ಹೊಡೆದು ಸಮಾಧಾನ ಮಾಡಲು ಬರುವುದಿಲ್ಲ.

ಹೀಗಿರುವಾಗ ಒಂದು ತಂಡದಲ್ಲಿ ಒಬ್ಬಳು ಮೂಲೆ ಹುಡುಗಿ ಬಂದಳು. ಎಲ್ಲಿ ಕೂರಿಸಿದರೂ ಮೂಲೆ ಹುಡುಕುತ್ತಿದ್ದಳು, ಅದಕ್ಕೇ ಸಿಡುಕಮ್ಮ ಮನಸ್ಸಿನಲ್ಲೇ ಇಟ್ಟ ಹೆಸರು ಅದು. ಸಂಜೆ ಎಲ್ಲರೂ ವೃತ್ತವಾಗಿ ಕೂತು ಒಬ್ಬೊಬ್ಬರೇ ಮಾತಾಡುವಾಗ ಇವಳು ನೆಲ ನೋಡುತ್ತಿದ್ದಳು. ಆದರೆ ಕಪ್ಪು ಹಸುವಿನ ಕೆಳಗೆ ಕೂತರೆ ಬೇರೆಯೇ ಹುಡುಗಿ. ಹಸುವಿನ ಜೊತೆ ಪಿಸುಪಿಸು ಮಾತಾಡುತ್ತಿದ್ದಳು. ಕರೆದದ್ದು ಮಾತ್ರ ಎಲ್ಲರಂತೆ ಅರ್ಧ.

“ಆಂಟಿ, ಪೂರ್ತಿ ಆಯ್ತಲ್ವಾ?” ಅಂತ ದಿನಾ ಕೇಳುತ್ತಿದ್ದಳು.

“ಆಯ್ತು ಪುಟ್ಟಾ” ಅಂತ ಸಿಡುಕಮ್ಮ ದಿನಾ ಸುಳ್ಳು ಹೇಳುತ್ತಿದ್ದಳು. ಹೇಳುವಾಗೆಲ್ಲ ಕೋಚ್‌ನ ಬೂಟಿಗೆ ಸೆಗಣಿ ಬಳಿಯಬೇಕು ಅನ್ನಿಸುತ್ತಿತ್ತು.

ಕೊನೆಯ ದಿನ ಹುಡುಗಿ ಮರೆತ ಸ್ವೆಟರ್ ತೆಗೆದುಕೊಂಡು ಹೋಗಲು ಕೊಟ್ಟಿಗೆಗೆ ವಾಪಸ್ ಬಂದಳು. ಸಿಡುಕಮ್ಮ ಕಪ್ಪು ಹಸುವಿನ ಕೆಳಗೆ ಕೂತಿದ್ದಳು. ಬಕೆಟ್ಟಿಗೆ ಹಾಲು ಸುಯ್ಯೆಂದು ಬೀಳುತ್ತಿತ್ತು.

“ದಿನಾ ಹೀಗೇನಾ?”

ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಹುಡುಗಿಯ ಮುಖ ನೋಡಿ ಸಿಡುಕಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಹೂಂ, ದಿನಾ. ನೀನು ಕರೀತಿದ್ದದ್ದು ಅರ್ಧ.”

“ನಂಗೆ ಹೇಳ್ಬಹುದಿತ್ತಲ್ಲ!” ಹುಡುಗಿಯ ದನಿ ಏರಿತು. “ಹೇಳಿದ್ರೆ ಕಲೀತಿದ್ದೆ. ಆಳುಗಳು ಸಸಿ ಕಿತ್ತು ನೆಡೋದು ನೋಡಿದ್ದೆ, ಅವರ ಚಪ್ಪಾಳೆ ಸುಳ್ಳು ಅಂತ ಗೊತ್ತಿತ್ತು. ನೀವು ಸಿಡುಕಿನೋರು, ನಿಮ್ಮ ಮಾತು ನಿಜ ಅಂದ್ಕೊಂಡಿದ್ದೆ. ನೀವು ಅವರಿಗಿಂತ ಕಡೆ.”

ಸ್ವೆಟರ್ ಬಿಟ್ಟೇ ಹೋದಳು.

ಆ ಸಂಜೆ ಅಪ್ಪ ಅಮ್ಮಂದಿರೆಲ್ಲ ಬಂದು ಕೂತಿದ್ದಾಗ ಮೂಲೆ ಹುಡುಗಿ ಎದ್ದು ನಿಂತಳು. ನಿಜವಾಗಿ ಸಸಿ ನೆಟ್ಟವರು ಯಾರು, ಹಾಲು ಕರೆದವರು ಯಾರು, ಒಂದೊಂದೇ ಹೇಳಿದಳು. ದನಿ ನಡುಗಲಿಲ್ಲ. ಮೈದುನ ಬಿಳಿಚಿಕೊಂಡ. ಕೊಟ್ಟಿಗೆ ಹೋಯಿತು ಅಂತ ಸಿಡುಕಮ್ಮ ಗೋಡೆಗೆ ಒರಗಿದಳು.

ಕೋಚ್ ಮಾತ್ರ ಎದ್ದು ನಿಂತು ಕೈ ತಟ್ಟಿದ. “ನೋಡಿದ್ರಾ! ಬಂದಾಗ ಬಾಯೇ ಬಿಡ್ತಿರಲಿಲ್ಲ ಈ ಹುಡುಗಿ!”

ಅಪ್ಪ ಅಮ್ಮಂದಿರೂ ತಟ್ಟಿದರು. ಹುಡುಗಿ, “ನಿಲ್ಲಿಸಿ!” ಅಂತ ಕಿರುಚಿದಳು. ಅದಕ್ಕೂ ತಟ್ಟಿದರು. ಅವಳಮ್ಮ ಆನಂದದಿಂದ ಕಣ್ಣೊರೆಸಿಕೊಂಡಳು. ಹುಡುಗಿ ಯಾರ ಮುಖವನ್ನೂ ನೋಡದೆ ಹೋಗಿ ಕಾರಲ್ಲಿ ಕೂತಳು.

ಮಾರನೇ ದಿನ ಮೈದುನ ಕೊಟ್ಟಿಗೆಗೆ ಬಂದ. ಮುಖದಲ್ಲಿ ಬೆಣ್ಣೆ.

“ಅತ್ತಿಗೆ, ಒಳ್ಳೇದೇ ಆಯ್ತು ಬಿಡಿ. ಕೋಚ್ ಹೇಳ್ತಿದಾರೆ, ಇನ್ಮೇಲೆ ಪ್ರತಿ ತಂಡದಲ್ಲೂ ಇದನ್ನ ಇಟ್ಕೊಳ್ಳೋಣ. ಕೊನೇ ದಿನ ಯಾರಾದ್ರೂ ಒಬ್ಬರ ಕಣ್ಣಿಗೆ ಬೀಳೋ ಹಾಗೆ ಉಳಿದ ಹಾಲು ಕರೀರಿ. ಅವರಿಗೆ ಸಿಟ್ಟು ಬರಲಿ, ಮಾತಾಡಲಿ. ಕೊಟ್ಟಿಗೆ ನಿಮ್ಮ ಕೈಯಲ್ಲೇ ಇರುತ್ತೆ.”

ಸಿಡುಕಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ವರ್ಷ ಇವನನ್ನು ದಡ್ಡ ಅಂದುಕೊಂಡಿದ್ದಳು. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಬಕೆಟ್ ಎತ್ತಿಕೊಂಡು ಕಪ್ಪು ಹಸುವಿನ ಕಡೆ ನಡೆದಳು. ಒಪ್ಪಿದಳು ಅಂತ ಅವನು ಶಿಳ್ಳೆ ಹಾಕುತ್ತಾ ಹೋದ.

ಹೊಸ ತಂಡ ಬಂತು. ಮೊದಲ ದಿನವೇ ಮಕ್ಕಳೆಲ್ಲ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತರು, ಹಿಂದೆ ಮೈದುನ, ಕೋಚ್. ತೆಳ್ಳನೆಯ ಒಬ್ಬ ಹುಡುಗ ಕಪ್ಪು ಹಸುವಿನಿಂದ ಬಕೆಟ್ಟಿನ ತಳ ಮುಚ್ಚುವಷ್ಟು ಹಾಲು ಕರೆದು ಎದ್ದ. ಎಲ್ಲರ ಕೈಗಳೂ ಮೇಲೆದ್ದವು.

“ಯಾರೂ ತಟ್ಟಬೇಡಿ” ಅಂದಳು ಸಿಡುಕಮ್ಮ. “ತಪ್ಪು. ಇನ್ನೂ ಹಾಲಿದೆ. ಕೂತ್ಕೋ.”

ಹುಡುಗನ ಕಣ್ಣು ತುಂಬಿ ಬಂತು.

“ಅತ್ತಿಗೆ!” ಮೈದುನ ಗದರಿದ. “ಆಚೆ ಬನ್ನಿ. ಈ ಕೊಟ್ಟಿಗೆಗೆ ಇನ್ಮೇಲೆ ನೀವು ಕಾಲಿಡಬೇಡಿ.”

“ಬರ್ತೀನಿ ಇರು” ಅಂದಳು ಅವಳು, ಅವನ ಕಡೆ ತಿರುಗದೆ. “ಮೊದಲು ಇವನು ಮುಗಿಸಲಿ.”

ಹುಡುಗ ತೋಳಿನಿಂದ ಮೂಗು ಒರೆಸಿಕೊಂಡ. ಸಿಡುಕಮ್ಮನನ್ನು ದುರುಗುಟ್ಟಿ ನೋಡಿದ. ಆಮೇಲೆ ಮತ್ತೆ ಕೂತ.